ಫೋನು ಖಾಲಿ ಇಡಿ

ನನ್ನ ಓರಗಿತ್ತಿ ಇಲೋನಾ ಬೋದ್ನಾರ್ ಬಹಳ ಒಳ್ಳೆಯ ಹೆಂಗಸು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಒಳ್ಳೆಯವಳಂತೆ, ಒಳ್ಳೆಯವಳು! ಹಟಮಾರಿ, ಬಾಯಿ ಜೋರು, ಇನ್ನೊಬ್ಬರ ಅಡುಗೆಗೆ ಉಪ್ಪು ಸಾಲದು ಎನ್ನದೆ ತಟ್ಟೆ ಬಿಟ್ಟು ಏಳುವವಳಲ್ಲ. ಅವಳ ಗಂಡನೂ ನನ್ನ ಗಂಡನೂ ಅಣ್ಣತಮ್ಮಂದಿರು, ಇಬ್ಬರೂ ಗಾಜಿನ ಕಾರ್ಖಾನೆಯಲ್ಲಿ ದುಡಿದು ಸವೆದು ಹೋದರು. ಉಳಿದವರು ನಾವಿಬ್ಬರು. ಅಮೆರಿಕದ ಟೊಲೀಡೊದಲ್ಲಿ ನದಿಯ ಪೂರ್ವ ದಂಡೆಗೆ, ಎದುರುಬದುರು ಮನೆಯಲ್ಲಿ, ದಿನಾ ಜಗಳವಾಡಿಕೊಂಡು ಇದ್ದೇವೆ.

ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಗುರುವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ನಾವು ಹಂಗೇರಿಯ ಹೆಂಗಸರೆಲ್ಲ ಸೇರಿ ಗೀರುಹಲಗೆಯ ಮೇಲೆ ಹಿಟ್ಟು ಉರುಳಿಸಿ ಸಾರಿಗೆ ಹಾಕುವ ಸುರುಳಿ ಶಾವಿಗೆ ಮಾಡುತ್ತೇವೆ. ಅಲ್ಲಿ ಊರಿನ ಮಾತೆಲ್ಲ ಬರುತ್ತದೆ. ವಾರೆನ್ ಪ್ರೂಯಿಟ್ ಎಂಬ ಹೆಸರು ಬಂದರೆ ಮಾತ್ರ ಇಲೋನಾಳ ಬೆರಳು ನಿಲ್ಲುತ್ತಿತ್ತು. ಅವಳು ಆ ಹಗೆಯನ್ನು ಸಾಕಿದ ಹಾಗೆ ಯಾರೂ ಮಕ್ಕಳನ್ನೂ ಸಾಕುವುದಿಲ್ಲ.

ಪ್ರೂಯಿಟ್ ನಮ್ಮೂರ ಫುಟ್‌ಬಾಲ್ ತಂಡ ಹೆರನ್ಸ್‌ನ ಮ್ಯಾನೇಜರು. ಫುಟ್‌ಬಾಲ್ ಎಂದರೆ ಇಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಯಾವ ಹುಡುಗನನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಎನ್ನುವುದೆಲ್ಲ ಅವನ ಕೈಯಲ್ಲಿತ್ತು. ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆಯುತ್ತದೆ, ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸುತ್ತು ಸುತ್ತಾಗಿ, ಸರದಿಯ ಮೇಲೆ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತವೆ. ಒಬ್ಬರು ಆರಿಸಿದವನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹಾಗಾಗಿ ಅದಕ್ಕೆ ಮುಂಚಿನ ತಿಂಗಳೆಲ್ಲ ಇವರ ಬಾಯಲ್ಲಿ ಒಂದು ನಿಜ ಬರುವುದಿಲ್ಲ. ಬೇಕಾದವನನ್ನು ಬೇಡ ಎನ್ನುತ್ತಾರೆ, ಬೇಡದವನನ್ನು ಹೊಗಳಿ ಅಟ್ಟಕ್ಕೇರಿಸುತ್ತಾರೆ. ನಮ್ಮ ಕಡೆ ಅದನ್ನು ಸುಳ್ಳಿನ ತಿಂಗಳು ಎಂದೇ ಕರೆಯುತ್ತೇವೆ.

ಇಲೋನಾಳ ಒಬ್ಬನೇ ಮಗ ಗೇಜಾ. ಎದುರು ಬಂದವನನ್ನು ಕೆಡವಿ ಹಾಕುವುದರಲ್ಲಿ ಅವನಷ್ಟು ಗಟ್ಟಿಗ ನಮ್ಮ ರಾಜ್ಯದಲ್ಲೇ ಇರಲಿಲ್ಲ ಎಂದು ನಾನು ಹೇಳಿದರೆ, ಚಿಕ್ಕಮ್ಮನ ಮಾತು ಎಂದು ನೀವು ಅರ್ಧ ಕಳೆಯಿರಿ, ಉಳಿದರ್ಧವೂ ಸಾಕು. ಕಾಲೇಜಿನ ಕೊನೆಯ ವರ್ಷ ಮೊಣಕಾಲಿಗೆ ಆಪರೇಷನ್ ಆಗಿ, ಚಳಿಗಾಲ ಕಳೆಯುವುದರೊಳಗೆ ಪೂರ್ತಿ ವಾಸಿಯಾಗಿತ್ತು. ಆಗ ಪ್ರೂಯಿಟ್ ಇಲೋನಾಳ ಮನೆಗೆ ಬಂದ. ಇಲೋನಾ ಮಾಡಿದ ಕೋಳಿ ಪಾಪ್ರಿಕಾಶ್ ಎರಡು ಸಲ ಹಾಕಿಸಿಕೊಂಡು, ಕೆಂಪು ಸಾರಿನಲ್ಲಿ ಬ್ರೆಡ್ಡು ಅದ್ದಿ ತಟ್ಟೆ ಒರೆಸಿ ತಿಂದ. ತಿಂದಾದ ಮೇಲೆ ಅವನು ಕೇಳಿದ್ದು ಇಷ್ಟು: ಗೇಜಾ ಇನ್ನೂ ಸ್ವಲ್ಪ ದಿನ ಕುಂಟಬೇಕು. ಬೇರೆ ತಂಡದವರು ಬಂದರೆ ಮೊಣಕಾಲು ನೋಯುತ್ತಿದೆ ಎನ್ನಬೇಕು. ಅವರೆಲ್ಲ ಕೈಬಿಟ್ಟರೆ ಹೆರನ್ಸ್ ಮೂರನೆಯ ಸುತ್ತಿನಲ್ಲಿ ಅವನನ್ನು ಸಲೀಸಾಗಿ ಎತ್ತಿಕೊಳ್ಳುತ್ತದೆ. ಹುಡುಗ ಹುಟ್ಟಿದೂರಲ್ಲೇ ಆಡುತ್ತಾನೆ, ಅಮ್ಮ ಭಾನುವಾರ ಮೈದಾನಕ್ಕೆ ಬಂದು ಕೂರಬಹುದು.

"ಡ್ರಾಫ್ಟ್ ದಿನ ಫೋನ್ ಖಾಲಿ ಇಡಿ, ಮಿಸೆಸ್ ಬೋದ್ನಾರ್, ನಾನೇ ಕರೆ ಮಾಡ್ತೀನಿ. ನಾನು ಮಾತು ಕೊಟ್ಟಿದ್ದೀನಿ," ಅಂದ. ನಾನು ಅಲ್ಲೇ ಪಾತ್ರೆ ಒರೆಸುತ್ತ ನಿಂತಿದ್ದೆ. ಈ ಕಿವಿಯಲ್ಲೇ ಕೇಳಿದ್ದೇನೆ.

ಗೇಜಾ ಕುಂಟಿದ. ಯಾರು ಬಂದರೂ ಕುಂಟಿದ. ಈರಿ ಊರಿನ ತಂಡದಿಂದ ಆಟಗಾರರನ್ನು ಹುಡುಕುವ ಕ್ವೇಲ್ ಎಂಬ ಒಬ್ಬ ಮುದುಕ ಬಂದಿದ್ದ. ನಿಜ ಹೇಳು ಮಗಾ ಎಂದು ಕೈ ಹಿಡಿದು ಕೇಳಿದನಂತೆ. ಗೇಜಾ ಅವನ ಮುಖ ನೋಡಿಕೊಂಡೇ ನೋವಿದೆ ಎಂದ. ಈರಿಗೂ ನಮಗೂ ಎಣ್ಣೆ ಸೀಗೆಕಾಯಿ, ಅವರಿಗೆ ಸುಳ್ಳು ಹೇಳುವುದು ನಮ್ಮಲ್ಲಿ ಪುಣ್ಯದ ಕೆಲಸ.

ಡ್ರಾಫ್ಟಿನ ದಿನ ಇಲೋನಾಳ ಮನೆಯಲ್ಲಿ ಬೀದಿಯೇ ಸೇರಿತ್ತು. ಮೂರನೆಯ ಸುತ್ತು ಬಂತು, ಹೆರನ್ಸ್ ಫ್ಲೋರಿಡಾದ ಯಾವನನ್ನೋ ಆರಿಸಿತು. ನಾಲ್ಕನೆಯದರಲ್ಲಿ ಇನ್ಯಾವನೋ. ಗೋಡೆಯ ಮೇಲಿನ ಫೋನು ಸುಮ್ಮನಿತ್ತು. ಯಾರೋ ರಿಸೀವರ್ ಸರಿಯಾಗಿ ಇಟ್ಟಿಲ್ಲವೇನೋ ಎಂದಾಗ ಇಲೋನಾ ಎದ್ದು ಎತ್ತಿ ನೋಡಿ ಮತ್ತೆ ಇಟ್ಟಳು. ಜನ ಒಬ್ಬೊಬ್ಬರೇ ಕೋಟು ಹುಡುಕಿಕೊಂಡು ಹೋದರು. ಕೇಕಿನ ಮೇಲೆ ಬರೆಸಿದ್ದ ಹೆರನ್ಸ್ ಎಂಬ ಹೆಸರನ್ನು ನಾನೇ ಚಾಕುವಿನಿಂದ ಕೆರೆದು ತೆಗೆದೆ.

ಮಾರನೆಯ ವಾರ ಅವಳು ಪ್ರೂಯಿಟ್‌ನ ಆಫೀಸಿಗೆ ಹೋದಾಗ ಅವನು ಹೇಳಿದ್ದು ಕೇಳಿ. ನಮ್ಮ ಡಾಕ್ಟರೇ ಒಪ್ಪಲಿಲ್ಲ, ಹುಡುಗನ ಮೊಣಕಾಲಿನ ವಿಷಯ ಎಲ್ಲೆಲ್ಲೂ ಹಬ್ಬಿಬಿಟ್ಟಿದೆಯಲ್ಲ, ಎಂದನಂತೆ. ಹಬ್ಬಿಸಿದವನು ಯಾರು? ತಾನು ಹೇಳಿಸಿದ ಸುಳ್ಳನ್ನು ತನ್ನ ತಂಡದವರೇ ನಂಬಿದರು, ಅದನ್ನು ತಿದ್ದಲು ಆ ಬೇವರ್ಸಿಗೆ ನಾಲಿಗೆ ಬರಲಿಲ್ಲ. ಗೇಜಾನನ್ನು ಮುಂದೆ ಯಾರೂ ಕರೆಯಲಿಲ್ಲ. ಗಾಜಿನ ಕಾರ್ಖಾನೆಯ ಗೋದಾಮಿಗೆ ಸೇರಿದ. ತಿಂಗಳುಗಟ್ಟಲೆ ಕುಂಟಿದ್ದ ರೂಢಿ ಅವನ ಕಾಲು ಬಿಡಲಿಲ್ಲ, ಮೆಟ್ಟಿಲು ಹತ್ತುವಾಗ ಈಗಲೂ ಒಂದು ಭುಜ ಕೆಳಗೆ ಬೀಳುತ್ತದೆ. ಏನೂ ಆಗದ ಕಾಲು ಅದು. ಇಲೋನಾ ಆಮೇಲೆ ಮನೆಯಲ್ಲಿ ಪಾಪ್ರಿಕಾಶ್ ಮಾಡಲಿಲ್ಲ.

ವರ್ಷಗಳು ಹೋದವು. ಹೆರನ್ಸ್ ಸೋಲುತ್ತಲೇ ಇತ್ತು. ಕೊನೆಗೆ ಪ್ರೂಯಿಟ್ ಆ ವರ್ಷದ ಮೊದಲ ಸುತ್ತಿನ ಸರದಿಯನ್ನೇ ಬೇರೆ ತಂಡಕ್ಕೆ ಬಿಟ್ಟುಕೊಟ್ಟು ಚೆಂಡೆಸೆಯಲೆಂದು ಒಬ್ಬ ವಯಸ್ಸಾದ ಕ್ವಾರ್ಟರ್‌ಬ್ಯಾಕನ್ನು ತಂದ. ಅವನು ಎಸೆದ ಚೆಂಡು ಹಿಡಿಯಲು ಓಡುವವನೇ ತಂಡದಲ್ಲಿರಲಿಲ್ಲ. ಈ ಡ್ರಾಫ್ಟಿನಲ್ಲಿ ಅಂಥವನು ಸಿಗದಿದ್ದರೆ ಗಂಟುಮೂಟೆ ಕಟ್ಟು ಎಂದು ಮಾಲೀಕ ಹೇಳಿದ್ದಾನೆಂದು ಪತ್ರಿಕೆಯಲ್ಲಿ ಬಂದಿತ್ತು. ಪ್ರೂಯಿಟ್ ಮಾತ್ರ ನಗುತ್ತ ಓಡಾಡುತ್ತಿದ್ದ. ಏನೋ ಲೆಕ್ಕಾಚಾರವಿದೆ ಎಂದು ಊರೆಲ್ಲ ಆಡಿಕೊಂಡಿತು.

ಆ ಲೆಕ್ಕಾಚಾರ ಏನೆಂದು ನಮಗೆ ಗೊತ್ತಾದದ್ದು ಶಾಲೆಯ ಅಡುಗೆಮನೆಯಲ್ಲಿ. ಇಲೋನಾಳ ಜೊತೆ ಕೆಲಸ ಮಾಡುವ ಒಡೆಸ್ಸಾ ಮಾಬ್ರಿಯ ಮಗ ಟೆರೆಲ್ ಕಾಲೇಜು ತಂಡದಲ್ಲಿ ಗಾಳಿಯ ಹಾಗೆ ಓಡುವವನು. ಹಿಂದಿನ ಶರತ್ಕಾಲದಲ್ಲಿ ತೊಡೆಯ ಸ್ನಾಯು ಹರಿದು ಈಗ ವಾಸಿಯಾಗಿತ್ತು. ಒಡೆಸ್ಸಾ ಆಲೂಗಡ್ಡೆ ಸುಲಿಯುತ್ತ ಹಿಗ್ಗಿನಿಂದ ಹೇಳಿದಳು: ಪ್ರೂಯಿಟ್ ಮನೆಗೆ ಬಂದಿದ್ದ, ತಾನು ಕರಿದ ಮೀನು ತಿಂದ, ಪೀಚ್ ಹಣ್ಣಿನ ಕಡುಬು ತಿಂದ. ಎರಡನೆಯ ಸುತ್ತಿನಲ್ಲಿ ಟೆರೆಲ್ ತಮ್ಮವನೇ ಎಂದ. ಅಲ್ಲಿಯವರೆಗೆ ಹುಡುಗ ಸ್ವಲ್ಪ ಕುಂಟಿಕೊಂಡು, ಯಾರ ಮುಂದೆಯೂ ಓಡದೆ ಇರಬೇಕಂತೆ. ಆ ದಿನ ಫೋನು ಖಾಲಿ ಇಡಬೇಕಂತೆ.

ಇಲೋನಾ ಸೌಟನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಒಡೆಸ್ಸಾಳನ್ನು ಹಿಂದಿನ ಬಾಗಿಲಾಚೆ ಕರೆದುಕೊಂಡು ಹೋಗಿ ಗೇಜಾನ ಕಥೆಯನ್ನೆಲ್ಲ ಹೇಳಿದಳು. ಆಮೇಲೆ ತನ್ನ ಯೋಚನೆಯನ್ನೂ ಹೇಳಿದಳು. ಟೆರೆಲ್ ಪ್ರೂಯಿಟ್ ಹೇಳಿದ ಹಾಗೆಯೇ ಊರ ಮುಂದೆ ಕುಂಟಲಿ, ಚೆನ್ನಾಗಿಯೇ ಕುಂಟಲಿ. ಎರಡನೆಯ ಸುತ್ತಿನಲ್ಲಿ ಹೆರನ್ಸ್‌ಗಿಂತ ಒಂದೇ ಸರದಿ ಮೊದಲು ಈರಿಯದು. ಈರಿಯವರಿಗೆ ಗುಟ್ಟಾಗಿ ಓಡಿ ತೋರಿಸಲಿ.

ಒಡೆಸ್ಸಾ ಬೆರಳು ಮಡಚಿ ಎಣಿಸಿದಳು. ಈ ಸುದ್ದಿ ಪ್ರೂಯಿಟ್‌ಗೆ ತಿಳಿದು ಅವನು ಸಿಟ್ಟಾದರೆ, ಇತ್ತ ಈರಿಯವರು ನಂಬದಿದ್ದರೆ, ಟೆರೆಲ್‌ಗೆ ಎರಡೂ ಕಡೆ ತಪ್ಪಿತು. ಗೇಜಾನ ಪಕ್ಕದಲ್ಲೇ ಗೋದಾಮಿನಲ್ಲಿ ನಿಲ್ಲಬೇಕಾಗುತ್ತದೆ.

"ಇದು ನನ್ನ ಮಗನ ಒಳ್ಳೇದಕ್ಕಾ, ನಿನ್ನ ಸೇಡಿಗಾ?" ಅಂತ ಕೇಳಿದಳು.

"ಎರಡಕ್ಕೂ," ಅಂದಳು ಇಲೋನಾ. "ಸೇಡಿಲ್ಲ ಅಂತ ನಾನ್ಯಾಕೆ ಸುಳ್ಳು ಹೇಳ್ಲಿ? ಅವನ ಹೊಟ್ಟೆ ಉರೀಬೇಕು, ಅದನ್ನ ನಾನು ಕಣ್ಣಾರೆ ನೋಡಬೇಕು. ಆದ್ರೆ ಒಡೆಸ್ಸಾ, ಅವನನ್ನ ನಂಬಿದ್ರೆ ಏನಾಗುತ್ತೆ ಅಂತ ನನ್ನ ಮನೇಲಿದೆ, ಬಂದು ನೋಡು. ಮೆಟ್ಟಿಲು ಹತ್ತೋದನ್ನ ನೋಡು."

ಒಡೆಸ್ಸಾ ಮೂರು ದಿನ ಬೇರೆ ಮೇಜಿನಲ್ಲಿ ತರಕಾರಿ ಹೆಚ್ಚಿದಳು. ಆಮೇಲೆ ಒಂದು ಸಂಜೆ ನಿಜವಾಗಿಯೂ ಬಂದಳು. ಗೇಜಾ ನೆಲಮಾಳಿಗೆಯಿಂದ ಕುರ್ಚಿ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದ. ಅವಳು ಅದನ್ನು ನೋಡಿದಳು, ಕಾಫಿಯನ್ನೂ ಕುಡಿಯದೆ, ಆಗಲಿ ಎಂದು ಹೇಳಿ ಹೋದಳು.

ಈಗ ಈರಿಯವರನ್ನು ನಂಬಿಸುವುದು ಯಾರು? ಇಬ್ಬರು ಅಡುಗೆಯವರ ಮಾತಿಗೆ ಅವರು ಬರುತ್ತಾರೆಯೇ? ಕ್ವೇಲ್ ಮುದುಕ ಇನ್ನೂ ಅದೇ ಕೆಲಸದಲ್ಲಿದ್ದ. ಗೇಜಾ ಫೋನು ಮಾಡಲೇಬೇಕು ಎಂದು ಇಲೋನಾ ಹಟ ಹಿಡಿದಳು. ತಾಯಿಮಗನಿಗೆ ದೊಡ್ಡ ಜಗಳವಾಯಿತು. ಸತ್ತ ಹಾವನ್ನು ಯಾಕಮ್ಮ ಮತ್ತೆ ಹೊಡೀತೀಯ ಎಂದು ಅವನು ಕೂಗಾಡಿದ. ಅದು ಸತ್ತಿಲ್ಲ, ಟೆರೆಲ್‌ನ ಮನೆಯಲ್ಲಿ ಮೀನು ತಿಂದು ಹೋಗಿದೆ ಎಂದಳು ಅವಳು. ಕೊನೆಗೆ ಅವನು ಕ್ವೇಲ್‌ಗೆ ಫೋನು ಮಾಡಿದ. ಅವತ್ತು ನಿಮಗೆ ಸುಳ್ಳು ಹೇಳಿದೆ, ನನ್ನ ಕಾಲಿಗೆ ಏನೂ ಆಗಿರಲಿಲ್ಲ, ಹಾಗೆ ಹೇಳಲು ಒಬ್ಬರು ಹೇಳಿಕೊಟ್ಟಿದ್ದರು, ಅವರೇ ಈಗ ಇನ್ನೊಬ್ಬನಿಗೆ ಹೇಳಿಕೊಟ್ಟಿದ್ದಾರೆ. ಇಷ್ಟು ಹೇಳುವುದರೊಳಗೆ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಭಾನುವಾರ ಊರೆಲ್ಲ ಚರ್ಚಿನಲ್ಲಿರುವ ಹೊತ್ತಿಗೆ ಕ್ವೇಲ್ ಒಬ್ಬನೇ ಕಾರಿನಲ್ಲಿ ಶಾಲೆಯ ಮೈದಾನಕ್ಕೆ ಬಂದ. ನಾನು ಪೂಜೆ ತಪ್ಪಿಸಿ ಗೇಟು ಕಾದೆ, ದೇವರು ಕ್ಷಮಿಸಲಿ, ಕ್ಷಮಿಸದಿದ್ದರೂ ಚಿಂತೆಯಿಲ್ಲ. ಟೆರೆಲ್ ಓಡಿದ. ಮುದುಕ ಗಡಿಯಾರ ನೋಡಿದ, ಇನ್ನೊಮ್ಮೆ ಓಡು ಎಂದ, ಮತ್ತೆ ನೋಡಿದ. ನಿಮ್ಮವರೇ ಬೇಕೆಂದು ಒಡ್ಡಿದ ಬಲೆ ಇದಲ್ಲವೆಂದು ಹೇಗೆ ನಂಬಲಿ ಎಂದು ಗೇಜಾನನ್ನು ಕೇಳಿದ. ಗೇಜಾ ಮೈದಾನದ ಗ್ಯಾಲರಿಯ ಮೆಟ್ಟಿಲು ಹತ್ತಿ ಇಳಿದು, ಅವರು ಕಲಿಸಿದ ಕುಂಟು ಇನ್ನೂ ತನ್ನನ್ನು ಬಿಟ್ಟಿಲ್ಲವೆಂದು ತೋರಿಸಿದ. ಕ್ವೇಲ್ ಟೋಪಿ ತೆಗೆದು ತಲೆ ಕೆರೆದುಕೊಂಡ, ಇಲೋನಾ ಕೊಟ್ಟ ಬಿಸ್ಕತ್ತನ್ನು ಜೇಬಿಗೆ ಹಾಕಿಕೊಂಡ, ಒಂದು ಮಾತೂ ಕೊಡದೆ ಹೊರಟುಹೋದ.

ನಾನು ಗೇಟು ಹಾಕಿದೆ. ಇವನೂ ಕೈಕೊಟ್ಟ ಎಂದೆ. ಇಲೋನಾ ನನ್ನ ಕಡೆ ತಿರುಗಿ, "ಮಾತು ಕೊಟ್ಟವನನ್ನ ನೋಡಿದ್ದೀವಲ್ಲ ಕಣೇ ಮಾರ್ಗಿತ್. ಕೊಡದವನನ್ನೂ ಒಂದ್ಸಲ ನೋಡೋಣ," ಅಂದಳು.

ಡ್ರಾಫ್ಟಿನ ಶನಿವಾರ ಒಡೆಸ್ಸಾಳ ಮನೆಯಲ್ಲಿ ಸೇರಿದೆವು. ಇಲೋನಾ ದೊಡ್ಡ ಪಾತ್ರೆಯ ತುಂಬ ಪಾಪ್ರಿಕಾಶ್ ಮಾಡಿ ತಂದಿದ್ದಳು. ಮುಚ್ಚಳ ತೆಗೆಯಲು ಮಾತ್ರ ಯಾರಿಗೂ ಬಿಡಲಿಲ್ಲ. ಒಡೆಸ್ಸಾ ಕುಳಿತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು, ಏಪ್ರನ್ನಿನ ತುದಿಯನ್ನು ಹಿಂಡುತ್ತಿದ್ದಳು. ಟಿವಿಯಲ್ಲಿ ಪ್ರೂಯಿಟ್ ತನ್ನ ತಂಡದ ಮೇಜಿನ ಹತ್ತಿರ ತೋಳು ಕಟ್ಟಿಕೊಂಡು ನಿಂತಿದ್ದ, ಅದೇ ನಗು. ಎರಡನೆಯ ಸುತ್ತು ಅರ್ಧ ಕಳೆಯಿತು. ಈಗ ಈರಿಯ ಸರದಿ ಎಂದು ಘೋಷಿಸಿದರು.

ಆಗ ಗೋಡೆಯ ಫೋನು ಬಡಿದುಕೊಂಡಿತು. ಟೆರೆಲ್ ಎತ್ತಿದ, ಕೇಳಿದ. ರಿಸೀವರಿನ ಬಾಯಿಗೆ ಕೈ ಮುಚ್ಚಿ ನಮಗೆ ಪಿಸುಗುಟ್ಟಿದ: "ಪ್ರೂಯಿಟ್. ಮುಂದಿನ ಸರದಿ ನಮ್ಮದೇ, ಅಲ್ಲೀವರೆಗೂ ಲೈನ್‌ನಲ್ಲೇ ಇರು, ಇಡಬೇಡ ಅಂತಿದ್ದಾನೆ."

ಎಂಥ ಕಳ್ಳ ನೋಡಿ. ಬೇಕಾದ ಹುಡುಗನ ಜೊತೆ ಮಾತಾಡುತ್ತಲೇ ಇದ್ದು, ಬೇರೆ ತಂಡದವರು ಕರೆದರೆ ಸಿಗದ ಹಾಗೆ ಮಾಡುವುದು ಇವರ ಹಳೆಯ ಕಸುಬು. ಈರಿಯವರು ಕೊನೆಯ ಗಳಿಗೆಯಲ್ಲಿ ಹುಡುಗನ ಬಾಯಿಂದ ಒಂದು ಮಾತು ಕೇಳದೆ, ಕಾಲು ಕೆಟ್ಟಿದೆಯೆಂದು ಊರೆಲ್ಲ ಹೇಳುವವನ ಹೆಸರು ಕೊಡುತ್ತಾರೆಯೇ? ಟಿವಿಯಲ್ಲಿ ಈರಿಗೆ ಕೊಟ್ಟ ನಿಮಿಷಗಳು ಇಳಿಯುತ್ತಿದ್ದವು. ಟೆರೆಲ್ ರಿಸೀವರ್ ಹಿಡಿದು ಕಲ್ಲಾಗಿ ನಿಂತಿದ್ದ. ಇಟ್ಟರೆ ಪ್ರೂಯಿಟ್ ಹೋದ, ಇಡದಿದ್ದರೆ ಈರಿ ಹೋಯಿತು. ಒಡೆಸ್ಸಾ ಇಲೋನಾಳನ್ನು ನೋಡಿದಳು. ಹೂಂ ಎನ್ನುವ ಹಾಗೆ ತಲೆಯನ್ನು ಸ್ವಲ್ಪ ಆಡಿಸಿದಳು.

ಇಲೋನಾ ಎದ್ದು ಹುಡುಗನ ಕೈಯಿಂದ ರಿಸೀವರ್ ತೆಗೆದುಕೊಂಡಳು.

"ಪ್ರೂಯಿಟ್ ಅವರೇ, ನಾನು ಇಲೋನಾ ಬೋದ್ನಾರ್, ಗೇಜಾನ ತಾಯಿ. ಇವತ್ತು ಫೋನ್ ಖಾಲಿ ಇಡಬೇಕು. ನೀವೇ ಹೇಳಿದ್ರಲ್ಲ."

ಹಾಗೆಂದು ಇಟ್ಟಳು. ಟಿವಿಯಲ್ಲಿ ಪ್ರೂಯಿಟ್ ಕಿವಿಯಿಂದ ಫೋನು ತೆಗೆದು ಅದನ್ನೇ ನೋಡಿದ. ನಗು ಎಲ್ಲಿಗೆ ಹೋಯಿತೋ. ಇಲೋನಾ ಕಣ್ಣು ಮಿಟುಕಿಸದೆ ಅವನ ಮುಖ ನೋಡುತ್ತ ನಿಂತಳು.

ಅವಳ ಕೈ ಇನ್ನೂ ಫೋನಿನ ಮೇಲಿದ್ದಾಗಲೇ ಅದು ಮತ್ತೆ ಬಡಿದುಕೊಂಡಿತು. ಈ ಸಲ ಕ್ವೇಲ್. ಕೇಳಿದ್ದು ಒಂದೇ ಪ್ರಶ್ನೆ, ನಾಳೆ ಬೆಳಿಗ್ಗೆ ಇಲ್ಲಿ ಬಂದು ಓಡ್ತೀಯಾ ಎಂದು. ಓಡ್ತೀನಿ ಸಾರ್ ಎಂದ ಟೆರೆಲ್. ಸ್ವಲ್ಪ ಹೊತ್ತಿಗೆ ವೇದಿಕೆಯ ಮೇಲೆ ಅವನ ಹೆಸರು ಓದಿದರು. ಒಡೆಸ್ಸಾ ಮಗನನ್ನು ತಬ್ಬಿಕೊಂಡು ನೆಲಕ್ಕೇ ಕುಸಿದಳು. ನಮ್ಮ ಹುಡುಗ ಈರಿಯ ಬಣ್ಣದ ಅಂಗಿ ತೊಡುತ್ತಾನಲ್ಲ ಎಂದು ನನಗೆ ಒಂದಿಷ್ಟು ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಪ್ರೂಯಿಟ್‌ನ ಮೇಜಿನಲ್ಲಿ ಅವನ ಜನ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದುದನ್ನು ನೋಡಿ ಅದೂ ಹೋಯಿತು. ಅವರ ಹತ್ತಿರ ಎರಡನೆಯ ಹೆಸರೇ ಇರಲಿಲ್ಲ. ಗಡಿಬಿಡಿಯಲ್ಲಿ ಯಾವನನ್ನೋ ಆರಿಸಿದರು, ಅವನು ಒಂದು ವರ್ಷವೂ ನಿಲ್ಲಲಿಲ್ಲ. ಪ್ರೂಯಿಟ್‌ನನ್ನಂತೂ ಕ್ರಿಸ್‌ಮಸ್‌ಗೆ ಮುಂಚೆಯೇ ಮಾಲೀಕ ಹೊರಗೆ ಹಾಕಿದ.

ಆ ಸಂಜೆ ಇಲೋನಾ ಪಾತ್ರೆಯ ಮುಚ್ಚಳ ತೆಗೆದು ಮೊದಲ ತಟ್ಟೆಯನ್ನು ಗೇಜಾನಿಗೆ ಹಾಕಿ ಕೊಟ್ಟಳು. ಅವನು ಒಂದು ತುತ್ತು ತಿಂದು ತಲೆ ತಗ್ಗಿಸಿದ. ಅಷ್ಟರಲ್ಲಿ ಫೋನು ಇನ್ನೊಮ್ಮೆ ಬಡಿಯತೊಡಗಿತು. ಯಾರೆಂದು ಎಲ್ಲರಿಗೂ ಗೊತ್ತಿತ್ತು. ನಿಂತಿತು, ಮತ್ತೆ ಶುರುವಾಯಿತು. ಒಡೆಸ್ಸಾ ಏಳಹೋದಾಗ ಇಲೋನಾ ಅವಳ ಕೈಗೂ ಒಂದು ತಟ್ಟೆ ಕೊಟ್ಟು ಕೂರಿಸಿದಳು.

"ಬಿಡು, ಬಡ್ಕೊಳ್ಳಲಿ," ಅಂದಳು. "ಅವತ್ತು ನಮ್ಮನೇಲಿ ಒಂದ್ಸಲಾನೂ ಬಡ್ಕೊಳ್ಳಲಿಲ್ಲ."

ಅದು ಬಡಿದುಕೊಳ್ಳುತ್ತಲೇ ಇತ್ತು, ನಾವು ಊಟ ಮಾಡಿದೆವು. ಗೇಜಾ ಎರಡನೆಯ ಸಲ ಹಾಕಿಸಿಕೊಂಡ.