ಏಳನೇ ಸಲಕ್ಕೆ ಸಿಕ್ಕ ಹೆಬ್ಬಾಳ

೨೦೨೩ ಜೂನ್ ೪, ಭಾನುವಾರ, ಬೆಳಗ್ಗೆ ೧೦.೩೦. ಕೊಡಿಗೇಹಳ್ಳಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅತ್ತಿಗೆಯೂ ನಾನೂ ಬೇರೊಂದು ಗ್ರಹಕ್ಕೆ ಇಳಿದೆವು. ನನ್ನ ನೋಟ್‌ಬುಕ್ಕಿನ ಮೊದಲ ಸಾಲು ಇದೇ.

ಅದೊಂದು ಹಳೆಯ ಕಂಪ್ಯೂಟರ್ ಆಟ. ಭೂಮಿ ಬಿಟ್ಟು ಬಂದ ಜನ ಗುರುತಿಲ್ಲದ ಗ್ರಹದಲ್ಲಿ ಊರು ಕಟ್ಟುತ್ತಾರೆ, ಕಾಡು ಬೆಳೆಸುತ್ತಾರೆ, ಪಕ್ಕದವರ ಊರಿನ ಮೇಲೆ ಕಣ್ಣು ಹಾಕುತ್ತಾರೆ. ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರದು. ಅವಸರವಿಲ್ಲ. ಅಣ್ಣನನ್ನು ಮದುವೆಯಾಗಿ ಬಂದ ನಾಲ್ಕನೇ ತಿಂಗಳಲ್ಲಿ ಅತ್ತಿಗೆ ಯಶವಂತಪುರದ ತವರಿನಿಂದ ಅದರ ಸಿ.ಡಿ. ತಂದಿದ್ದರು. ನಿಯಮಗಳೂ ಅವರವೇ, ಎರಡೇ ಎರಡು: ಒಬ್ಬರು ಆಡುವಾಗ ಇನ್ನೊಬ್ಬರು ಕೋಣೆಯಿಂದ ಹೊರಗಿರಬೇಕು, ಆಗಿದ್ದನ್ನು ಅಳಿಸಿ ಮತ್ತೆ ಆಡುವಂತಿಲ್ಲ.

ಅತ್ತಿಗೆಗೆ ವಾರದಲ್ಲಿ ಆರು ದಿನ ಆಫೀಸು, ಮಿಕ್ಕ ಹೊತ್ತು ಅಡುಗೆಮನೆ. ಭಾನುವಾರ ಹತ್ತೂವರೆಯಿಂದ ಹನ್ನೆರಡರವರೆಗೆ ಮಾತ್ರ ಅವರನ್ನು ಯಾರೂ ಯಾವುದಕ್ಕೂ ಕರೆಯುತ್ತಿರಲಿಲ್ಲ. ಹನ್ನೆರಡಾದ ಮೇಲೆ ಅಮ್ಮ ಬಾಗಿಲ ಬಳಿ ಬಂದು, "ಏನ್ರಪ್ಪಾ, ಇಬ್ರೂ ಇನ್ನೂ ಭೂಮಿಗೆ ಬಂದಿಲ್ವಾ?" ಎನ್ನುತ್ತಿದ್ದರು.

ಅತ್ತಿಗೆ ತಮ್ಮ ಊರುಗಳಿಗೆ ನಮ್ಮ ಸುತ್ತಮುತ್ತಲಿನ ಹೆಸರುಗಳನ್ನೇ ಇಟ್ಟಿದ್ದರು. "ಹೊಸಬಳಲ್ವೇನೋ ನಾನು, ಹಿಂಗಾದ್ರೂ ಏರಿಯಾ ಗೊತ್ತಾಗ್ಲಿ," ಅಂದಿದ್ದರು. ನೀರಿನ ಅಂಚಿನಲ್ಲಿದ್ದದ್ದು ಹೆಬ್ಬಾಳ. ಅದರ ನಾಲ್ಕೂ ಕಡೆ ಕಾಡು ಬೆಳೆಸಲು ಅವರಿಗೆ ಇಪ್ಪತ್ತಾರು ಸರದಿ ಹಿಡಿಯಿತು. ಅವರೇ ಹೇಳಿದ್ದನ್ನು ನಾನು ಬರೆದಿಟ್ಟಿದ್ದೇನೆ.

ಅಕ್ಟೋಬರ್ ೧. ಅತ್ತಿಗೆ ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋಗಿದ್ದರು. ನಾನು ಹೆಬ್ಬಾಳದ ಮೇಲೆ ದಾಳಿ ಮಾಡಿ ಸೋತೆ. ದಾಳಿಗೆ ಮೊದಲು ಉಳಿಸಿಟ್ಟಿದ್ದ ಫೈಲ್ ತೆರೆದು ಮತ್ತೆ ಆಡಿದೆ. ಮತ್ತೆ ಸೋತೆ. ಆ ಆಟದಲ್ಲಿ ಕಾಳಗದ ಅರ್ಧ ಅದೃಷ್ಟ; ಬಿಡದೆ ಆಡಿದರೆ ಒಂದು ಸಲ ಗೆಲ್ಲಲೇಬೇಕು. ಗೆದ್ದ ಮೇಲೆ ಅದೇ ಫೈಲಿನ ಮೇಲೆ ಉಳಿಸಿದೆ. ನಂತರ, ಯಾವತ್ತಿನ ಅಭ್ಯಾಸದಂತೆ, ಪುಸ್ತಕದಲ್ಲಿ ಬರೆದೆ: "ಹೆಬ್ಬಾಳ ವಶ. ೭ನೇ ಸಲ."

ಕೆಳಗೆ ಬಂದ ಅತ್ತಿಗೆ ಪರದೆ ನೋಡಿ, "ಅಯ್ಯೋ ಪಾಪಿ, ಹೊಡೆದೇ ಬಿಟ್ಯಲ್ಲೋ!" ಎಂದು ನನ್ನ ತಲೆಗೆ ಮೊಟಕಿ ನಕ್ಕರು. ಆಗಲೂ ನಾನು ಹೇಳಬಹುದಿತ್ತು.

ಅಕ್ಟೋಬರ್ ೮, ಹತ್ತೊಂಬತ್ತನೇ ಭಾನುವಾರ. ಅವರು ತಮ್ಮ ಸರದಿಗೆ ಕೂತವರು ನನ್ನನ್ನು ಕರೆದರು. "ನಿನ್ ಪುಸ್ತಕ ಕೊಡೋ. ಕಾವಲು ಎಲ್ಲಿ ಕಮ್ಮಿ ಮಾಡ್ದೆ ನೋಡ್ಬೇಕು. ನಂದೇ ಏನೋ ತಪ್ಪಾಗಿದೆ."

ಕೊಟ್ಟೆ. ಕೈ ಮುಂದೆ ಚಾಚಿದ ಮೇಲೆ ನೆನಪಾಯಿತು.

"ಏಳನೇ ಸಲ ಅಂದ್ರೆ?"

ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು.

"ಎಷ್ಟು ನೀಟಾಗಿ ಬರ್ದಿದೀಯ ಕಣೋ," ಅಂದರು. ಸಿಟ್ಟಿರಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು. "ಬೇಳೆ ಇಡ್ಬೇಕು." ಆಗ ಗಂಟೆ ೧೦.೫೫.

ಮುಂದಿನ ಭಾನುವಾರಗಳಲ್ಲಿ ಒಂಬತ್ತು ಸಲ ಕರೆದೆ. ಪ್ರತಿ ಸಲವೂ, "ಕೆಲ್ಸ ಇದೆ ಕಣೋ, ನೀನ್ ಆಡ್ಕೋ." ಕಾಫಿ ಕೊಟ್ಟರು, ತಮಾಷೆ ಮಾಡಿದರು, ನನ್ನ ಹುಟ್ಟುಹಬ್ಬಕ್ಕೆ ಶರ್ಟು ತಂದರು. ಆದರೆ ಹತ್ತೂವರೆಗೆ ಅಡುಗೆಮನೆಯಲ್ಲೇ ಇರುತ್ತಿದ್ದರು, ಅಮ್ಮ ಏನಾದರೊಂದು ಕೆಲಸ ಹೇಳುತ್ತಿದ್ದರು. ಒಂದು ಊರನ್ನಷ್ಟೇ ಕಿತ್ತುಕೊಂಡೆ ಅಂದುಕೊಂಡಿದ್ದೆ. "ತಪ್ಪಾಯ್ತು ಅತ್ತಿಗೆ" ಎಂಬ ಮಾತು ನನ್ನ ಲೆಕ್ಕದಲ್ಲಿ ಇಂದಿಗೂ ಸೊನ್ನೆ.

ಈಗ ಅಣ್ಣ, ಅತ್ತಿಗೆ ತಣಿಸಂದ್ರದ ಫ್ಲ್ಯಾಟಿನಲ್ಲಿದ್ದಾರೆ. ಕಂಪ್ಯೂಟರ್ ಇಲ್ಲೇ ಇದೆ. ಆ ಫೈಲ್ ತೆರೆದರೆ ನೂರ ಹನ್ನೆರಡನೇ ಸುತ್ತು, ಅತ್ತಿಗೆಯ ಸರದಿ. ಅವರ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಮುರಿಯುವ ದಾರಿ ನನಗೆ ಬೇಡ. ನನಗೆ ಬೇಕಿರುವುದು ಅಕ್ಟೋಬರ್ ಒಂದರ ಫೈಲ್, ದಾಳಿಗೆ ಮೊದಲಿನದು, ನಾನೇ ಮೇಲೆ ಬರೆದು ಅಳಿಸಿದ್ದು. ಸಿಕ್ಕರೆ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಒಂದು ಭಾನುವಾರ ತಣಿಸಂದ್ರಕ್ಕೆ ಹೋಗಬೇಕು. ಹಳೆಯ ಹಾರ್ಡ್‌ಡಿಸ್ಕಿನಿಂದ ಅಂಥ ಫೈಲನ್ನು ಮತ್ತೆ ತೆಗೆಯಲು ಬರುತ್ತದೆಯೇ? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಬರುವುದಿಲ್ಲ ಎಂದಾದರೆ ಅದನ್ನೂ ತಿಳಿಸಿ, ಬರಿಗೈಯಲ್ಲೇ ಹೋಗುತ್ತೇನೆ.