ಆಮೆ ಬೆನ್ನಿನ ರಸ್ತೆ ಮತ್ತು ನೇರ ಮೇಸ್ತ್ರಿ

ಆ ಊರಿನಲ್ಲಿ ಕಾರಿನ ಚಕ್ರಗಳನ್ನು ನೇರ ಮಾಡುವ ಅಲೈನ್‌ಮೆಂಟ್ ಕೆಲಸದವರು ಒಬ್ಬರೇ. ಅವರನ್ನು ಎಲ್ಲರೂ ನೇರ ಮೇಸ್ತ್ರಿ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು, ಅಲ್ಲೂ ಅಕ್ಷರ ತಪ್ಪು. ಕಾಲೇಜಿನ ಮೆಟ್ಟಿಲು ಹತ್ತದಿದ್ದರೂ ಮೇಸ್ತ್ರಿ ಬೆಳಗಿನಿಂದ ಸಂಜೆಯವರೆಗೆ ಅರ್ಧ ಡಿಗ್ರಿ, ಕಾಲು ಡಿಗ್ರಿ ಎನ್ನುತ್ತಿದ್ದುದರಿಂದ, ಇಷ್ಟು ಡಿಗ್ರಿ ಇರುವ ಗಂಡ ತನ್ನ ಅಕ್ಕತಂಗಿಯರಲ್ಲಿ ಯಾರಿಗೂ ಸಿಕ್ಕಿಲ್ಲ ಎಂದು ಹೆಂಡತಿ ಹೇಳಿಕೊಳ್ಳುತ್ತಿದ್ದರು.

ಅಂಗಡಿಯ ಹಿಂದೆಯೇ ಮನೆ. ಮಧ್ಯೆ ಒಂದು ಪರದೆ. ಹೀಗಾಗಿ ಮೇಸ್ತ್ರಿ ಗಿರಾಕಿಗಳಿಗೆ ಮಾಡುವ ಪಾಠವೆಲ್ಲ ಅಡುಗೆಮನೆಗೂ ಕೇಳುತ್ತಿತ್ತು.

"ಮನುಷ್ಯ ನಿಂತ ಹಾಗೇ ಮೇಡಂ ಚಕ್ರಾನೂ," ಎಂದು ಒಮ್ಮೆ ಇಂಗ್ಲಿಷ್ ಟೀಚರಿಗೆ ವಿವರಿಸುತ್ತಿದ್ದರು. "ಕಾಲ್ಬೆರಳು ಒಳಗೋ ಹೊರಗೋ ತಿರುಗಿದ್ರೆ ಚಪ್ಪಲಿ ಒಂದು ಕಡೆ ಸವೆಯುತ್ತಲ್ಲ, ಅದು ಟೋ. ಚಕ್ರದ ತಲೆ ಒಳಗೋ ಹೊರಗೋ ವಾಲಿದ್ರೆ ಕ್ಯಾಂಬರ್. ಯಾವ ಕಡೆ ಚಕ್ರ ಹೊರಗೆ ಜಾಸ್ತಿ ವಾಲಿರುತ್ತೋ ಗಾಡಿ ಆ ಕಡೆ ಎಳೆಯುತ್ತೆ. ಇನ್ನು ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತೆ ನೋಡಿ, ಅದು ಕ್ಯಾಸ್ಟರ್. ಅದು ಸರಿ ಇದ್ರೆ ತಿರುಗಿಸಿದ ಸ್ಟೀರಿಂಗ್ ತಾನಾಗೇ ವಾಪಸ್ ಬರುತ್ತೆ, ಮುನಿಸ್ಕೊಂಡು ಹೋದ ಹೆಂಡ್ತಿ ಥರ."

"ನಾನು ವಾಪಸ್ ಬಂದಿದ್ದು ಒಲೆ ಮೇಲೆ ಹಾಲಿತ್ತು ಅಂತ," ಎಂದಿತು ಪರದೆ.

ಮೇಸ್ತ್ರಿಯ ಬಳಿ ಗುರುಗಳು ಕೊಟ್ಟುಹೋದ ಹಿತ್ತಾಳೆಯ ಮಾಪಕವೊಂದಿತ್ತು. ಚಕ್ರಕ್ಕೆ ಹಚ್ಚಿದರೆ ಅದರ ಗಾಜಿನ ಕೊಳವೆಯೊಳಗೆ ಗುಳ್ಳೆಯೊಂದು ಓಡಾಡಿ ವಾಲಿಕೆ ಎಷ್ಟೆಂದು ತೋರಿಸುತ್ತಿತ್ತು. ಆದರೆ ಮೇಸ್ತ್ರಿ ನಂಬುತ್ತಿದ್ದುದು ಚಹಾವನ್ನು. ತುಂಬಿದ ಲೋಟವನ್ನು ಗಾಡಿಯ ಡ್ಯಾಶ್‌ಬೋರ್ಡ್ ಮೇಲಿಟ್ಟು, ಅಂಗಡಿಯಿಂದ ಅಂಚೆಕಚೇರಿಯವರೆಗೆ ಸ್ಟೀರಿಂಗ್ ಬಿಟ್ಟು ಕೈಕಟ್ಟಿ ಕೂರುತ್ತಿದ್ದರು. ಗಾಡಿ ದಾರಿ ಬಿಡದೆ, ಚಹಾ ಚೆಲ್ಲದೆ ಹೋದರೆ ಪಾಸು. ಹಾಗೆ ಪಾಸಾದ ಪ್ರತಿ ಗಾಡಿಯ ಬಲಚಕ್ರವೂ ಎಡಚಕ್ರಕ್ಕಿಂತ ಅರ್ಧ ಡಿಗ್ರಿ ಹೆಚ್ಚು ಹೊರಗೆ ವಾಲಿದೆಯೆಂದು ಮಾಪಕ ಹಟ ಹಿಡಿಯುತ್ತಿತ್ತು. ಗುರುಗಳದ್ದೆಂದು ಎಸೆಯುವಂತಿಲ್ಲ. ಮೇಸ್ತ್ರಿ ಅದರ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದರು: "ಇದು ಸುಳ್ಳು ಹೇಳುತ್ತದೆ."

ಅಂಗಡಿಯ ನೆತ್ತಿಯ ಮೇಲೆ ಇನ್ನೊಂದು ಬರಹ: "ಇಲ್ಲಿ ನೇರ ಮಾಡಿದ ಗಾಡಿ ಸೊಟ್ಟ ಹೋದರೆ ಬಾಗಿಲು ಹಾಕುತ್ತೇನೆ." ಮೂವತ್ತೊಂದು ವರ್ಷ ಬಾಗಿಲು ತೆರೆದೇ ಇತ್ತು.

ಆಮೇಲೆ ಊರಿಗೆ ಹೊಸ ರಸ್ತೆ ಬಂತು. ಹಳೆಯ ರಸ್ತೆಗಳೆಲ್ಲ ಆಮೆಯ ಬೆನ್ನು; ನಡು ಎತ್ತರ, ಎರಡೂ ಅಂಚು ತಗ್ಗು. ಹೊಸದಾಗಿ ಬಂದ ಎಂಜಿನಿಯರಿಗೆ ಗೂನು ಎಂದರೆ ಆಗದು. ಊರಿನುದ್ದಕ್ಕೂ ಕೇರಂ ಬೋರ್ಡಿನ ಹಾಗೆ ಸಪಾಟಾದ ರಸ್ತೆ ಹಾಕಿಸಿದರು.

ಮಾರನೇ ದಿನದಿಂದ ಊರಿನ ಕಾರುಗಳೆಲ್ಲ ಬಲಕ್ಕೆ ಹೊರಟವು.

ರಸ್ತೆಯ ಎಡಗಡೆಯ ಕ್ಲಿನಿಕ್ಕಿಗೆ ಹೊರಟ ದಂತವೈದ್ಯರು ಬಲಗಡೆಯ ಕ್ಷೌರದಂಗಡಿ ಮುಂದೆ ಹೋಗಿ ನಿಂತು, ಬಂದದ್ದಂತೂ ಆಯಿತಲ್ಲ ಎಂದು ಕೂದಲು ಕತ್ತರಿಸಿಕೊಂಡರು. ಅದೇ ವಾರದಲ್ಲಿ ಮೂರನೇ ಸಲ. ಶವದ ಗಾಡಿ ಹೆರಿಗೆ ಆಸ್ಪತ್ರೆಯ ಗೇಟಿನೊಳಗೆ ನುಗ್ಗಿತು. ಇಂಗ್ಲಿಷ್ ಟೀಚರು ಸ್ಟೀರಿಂಗ್ ಎಡಕ್ಕೆ ಎಳೆದು ಎಳೆದು ಒಂದೇ ತೋಳು ದಪ್ಪವಾಯಿತೆಂದು ರವಿಕೆಯ ಎರಡು ತೋಳಿಗೂ ಬೇರೆ ಬೇರೆ ಅಳತೆ ಕೊಟ್ಟರು.

ನೇರ ಮೇಸ್ತ್ರಿಯ ಮೇಲೆ ಒಬ್ಬರಿಗೂ ಅನುಮಾನ ಬರಲಿಲ್ಲ. ರಸ್ತೆಯೇ ಸೊಟ್ಟ, ಅದನ್ನು ಅಗೆದುಹಾಕಿ, ಎಂಜಿನಿಯರನ್ನು ಮನೆಗೆ ಕಳಿಸಿ ಎಂದು ಊರು ಅರ್ಜಿ ಬರೆಯಿತು. ಮೊದಲ ಸಹಿ ಮೇಸ್ತ್ರಿಯದೇ.

ಸಂಜೆ ಎಂಜಿನಿಯರ್ ಅಂಗಡಿಗೆ ಬಂದರು. ಮೂರು ದಿನ ಗಡ್ಡ ಬೋಳಿಸಿರಲಿಲ್ಲ. ಕ್ಷೌರದಂಗಡಿಯಲ್ಲಿ ಜಾಗ ಸಿಕ್ಕರೆ ತಾನೇ?

"ನಾಳೆ ಹತ್ತು ಗಂಟೆಗೆ ಎಲ್ಲರ ಮುಂದೆ ನೀವೇ ಅಳೆದು ಹೇಳಿ ಮೇಸ್ತ್ರಿ. ನೀವು ಸೊಟ್ಟ ಅಂದ್ರೆ ನಾನು ಗಂಟುಮೂಟೆ ಕಟ್ತೀನಿ."

ಅವರು ಹೋದ ಮೇಲೆ, ಬೇರೆ ಸಾಧನವಿಲ್ಲದೆ, ಮೇಸ್ತ್ರಿ ಆ ಸುಳ್ಳುಬುರುಕ ಮಾಪಕವನ್ನೇ ರಸ್ತೆಯ ಮೇಲಿಟ್ಟರು. ಗುಳ್ಳೆ ನಟ್ಟನಡುವೆ ನಿಂತಿತು. ಅಂಚೆಕಚೇರಿಯ ಹಿಂದೆ ಅಗೆಯದೆ ಬಿಟ್ಟಿದ್ದ ಹಳೇ ರಸ್ತೆಯ ತುಂಡಿನ ಮೇಲಿಟ್ಟರೆ ಗುಳ್ಳೆ ಒಂದು ಕಡೆಗೆ ಓಡಿತು. ಮೇಸ್ತ್ರಿ ಅಲ್ಲೇ ಕುಕ್ಕರಗಾಲಲ್ಲಿ ಕುಳಿತರು.

ಮನೆಗೆ ಬಂದು ಹೆಂಡತಿಗೆ ಹೇಳಿದರು: "ಎಡಗಡೆ ಹೋಗೋ ಗಾಡೀನ ಹಳೇ ರಸ್ತೆ ಎಡಕ್ಕೇ ಜಾರಿಸ್ತಿತ್ತು ಕಣೇ. ನಾನು ಚಹಾ ನೋಡ್ಕೊಂಡು ಎಲ್ಲಾ ಗಾಡೀನೂ ಬಲಕ್ಕೆ ಎಳೆಯೋ ಹಾಗೆ ಕಟ್ಟಿದೀನಿ. ಮೂವತ್ತೊಂದು ವರ್ಷ! ಎರಡು ಸೊಟ್ಟ ಸೇರಿ ಒಂದು ನೇರ ಆಗಿತ್ತು."

"ನಮ್ಮ ಸಂಸಾರದ ಹಾಗೆ," ಎಂದರು ಹೆಂಡತಿ. "ನಾಳೆ ಏನು ಹೇಳ್ತೀರಿ?"

"ನಿಜ ಹೇಳಿದ್ರೆ ಅಂಗಡಿ ಬಾಗಿಲು ಹಾಕ್ಬೇಕು. ಹೇಳದಿದ್ರೆ ಆ ಎಂಜಿನಿಯರ್ ಬಾಯಿಗೆ ಮಣ್ಣು."

"ಮೊದಲು ಆ ಚೀಟಿ ಕೀಳಿ. ಪಾಪ, ಮಾಪಕ ಕೇಳಿಸ್ಕೊಳ್ತಿದೆ."

ಮರುದಿನ ಹತ್ತಕ್ಕೆ ಊರೇ ನೆರೆದಿತ್ತು. ಮೇಸ್ತ್ರಿ ರಸ್ತೆಯ ಮೇಲೆ ಮಾಪಕವಿಟ್ಟು ಗುಳ್ಳೆ ತೋರಿಸಿದರು.

"ರಸ್ತೆ ನೆಟ್ಟಗಿದೆ. ಸೊಟ್ಟ ನಾನು."

ಮೇಸ್ತ್ರಿ ಮಾತು ಉಳಿಸಿಕೊಳ್ಳಲು ಹೋಗಿ ಶಟರ್ ಎಳೆದರು. ಅದು ಎಡಗಡೆ ಒಂದು ಗೇಣು ಇಳಿದು, ಬಲಗಡೆ ಇಳಿಯದೆ, ಓರೆಯಾಗಿ ಸಿಕ್ಕಿಕೊಂಡಿತು. ಯಾರೂ ನಗಲಿಲ್ಲ. ಎಲ್ಲರೂ ಸೇರಿ ಜಗ್ಗಿ ಇಳಿಸಿಕೊಟ್ಟರು. ಇಳಿಸಿದ ಮೇಲೆ ಟೀಚರಿಗೆ ಹೊಳೆಯಿತು.

"ಅಲ್ಲ ಮೇಸ್ತ್ರಿ, ನೀವು ಬಾಗಿಲು ಹಾಕಿದ್ರೆ ನಮ್ಮ ಗಾಡಿ ಯಾರು ಸರಿ ಮಾಡೋದು? ಸೊಟ್ಟ ಎಷ್ಟು ಅಂತ ನಿಮಗೊಬ್ಬರಿಗೇ ಗೊತ್ತಿರೋದು."

"ಮಾತು ಮಾತೇ ಮೇಡಂ."

"ನನ್ನ ತೋಳು?"

ಒಳಗಿನಿಂದ ಹೆಂಡತಿ ಕೂಗಿದರು: "ಹಾಕಿದ್ದನ್ನ ಊರೆಲ್ಲ ನೋಡಿದ್ದಾಯ್ತಲ್ಲ! ಊಟ ಮಾಡಿ ತೆಗೀರಿ. ಕತ್ತಲಲ್ಲಿ ನನಗೆ ಉಪ್ಪಿನ ಡಬ್ಬಿ ಸಿಗ್ತಿಲ್ಲ."

ಹೀಗೆ ಮೂವತ್ತೊಂದು ವರ್ಷದ ಶಪಥ ಎರಡೂವರೆ ಗಂಟೆ ನಡೆಯಿತು. ಮಧ್ಯಾಹ್ನ ಶಟರ್ ಎತ್ತಿದಾಗ ಸಾಲು ಅಂಚೆಕಚೇರಿ ದಾಟಿತ್ತು. ಸಾಲು ಸ್ವಲ್ಪ ಬಲಕ್ಕೆ ಬಾಗಿತ್ತು.

ಅರವತ್ತಮೂರನೇ ಗಾಡಿಯ ಚಕ್ರ ಬಿಚ್ಚಿದ್ದಾಗ ಮಳೆ ಹೊಡೆಯಿತು. ನೀರು ಯಾವ ಕಡೆ ಹೋಗಬೇಕೆಂದು ತಿಳಿಯದೆ ಸಪಾಟು ರಸ್ತೆಯ ಮೇಲೆ ನಿಂತುಬಿಟ್ಟಿತು. ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು ಎಂಜಿನಿಯರ್ ಬಂದರು.

"ನೀರು ಹರಿದು ಹೋಗ್ಲಿ ಅಂತಾನೇ ಹಳಬರು ಗೂನು ಇಟ್ಟಿದ್ರಂತೆ ಮೇಸ್ತ್ರಿ. ಮತ್ತೆ ಆಮೆ ಬೆನ್ನು ಮಾಡಬೇಕಂತೆ."

ಮೇಸ್ತ್ರಿ ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟರು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಮಾಡಿ ಸಾರ್. ನನ್ನ ಅಂಗಡಿ ಮುಂದೆ ಮೂವತ್ತು ಅಡಿ ಮಾತ್ರ ಸಪಾಟಾಗೇ ಬಿಡಿ."

"ನೀರು ನಿಲ್ಲುತ್ತೆ."

"ನಿಲ್ಲಲಿ. ಅಳೆಯೋಕೆ ನನಗೆ ಸುಳ್ಳು ಹೇಳದ ನೆಲ ಬೇಕು."

ರಸ್ತೆಗೆ ಮತ್ತೆ ಆಮೆ ಬೆನ್ನು ಬಂದಿದೆ, ಈಗ ಊರಿನ ಗಾಡಿಗಳೆಲ್ಲ ಒಂದು ಕೂದಲೆಳೆಯಷ್ಟು ಎಡಕ್ಕೆ ಜಾರುತ್ತವೆ. ಯಾರಾದರೂ ಕೇಳಿದರೆ ಮೇಸ್ತ್ರಿ, "ಅದು ರಸ್ತೆ, ನಾನಲ್ಲ," ಎನ್ನುತ್ತಾರೆ. ಮಳೆಗಾಲದಲ್ಲಿ ಅಂಗಡಿ ಮುಂದಿನ ಆ ಮೂವತ್ತು ಅಡಿಯಲ್ಲಿ ಪ್ಯಾಂಟು ಮಡಚಿ ಕಾಲಿನ ಹರಡು ಮುಳುಗುವ ನೀರಲ್ಲಿ ನಿಂತು, ಚಕ್ರಕ್ಕೆ ಮಾಪಕ ಹಚ್ಚುತ್ತಾರೆ. ಗಿರಾಕಿಗಳು ಅಂಗಡಿಗೆ ಬರಲೆಂದು ಹೆಂಡತಿ ಆ ನೀರಿನಲ್ಲಿ ಒಂದು ಸಾಲು ಇಟ್ಟಿಗೆ ಜೋಡಿಸಿದ್ದಾರೆ. ಸಾಲು ನೇರವಾಗಿದೆ.