ದಿಣ್ಣೆ ಬೀದಿಗೆ ಮೊದಲ ನೀರು

ಬೆಳಗಿನ ನಾಲ್ಕೂವರೆ. ರಾಜಾಜಿನಗರದ ಈ ಏರುತಗ್ಗಿನ ಬೀದಿಯಲ್ಲಿ ಅಂಜಿನಯ್ಯ ಗುಂಡಿಯ ಮುಚ್ಚಳ ಎತ್ತಿ, ಎದೆಯೆತ್ತರದ ಕಬ್ಬಿಣದ ಕೀಲಿ ಇಳಿಸಿ ವಾಲ್ವು ತಿರುಗಿಸುತ್ತಿದ್ದಾರೆ. ಹನ್ನೆರಡು ಸುತ್ತು. ಪೈಪು ಬುಸ್ಸೆಂದು ಗಾಳಿ ಬಿಡುತ್ತದೆ, ಆಮೇಲೆ ನೀರು. ದಿಣ್ಣೆಯ ಕಡೆಯಿಂದ ಯಾರೋ ಕೂಗುತ್ತಾರೆ: "ನರಸಮ್ಮಕ್ಕಾ, ನಿಮ್ಮ ನೀರು ಬಂತು!" ಅಂಜಿನಯ್ಯನವರ ಮುಖ ಹುಳ್ಳಗಾಗುತ್ತದೆ. ಪೇಪರಿಗೆ ಬರೆಯಲು ಹೋದ ನಮ್ಮತ್ತ ತಿರುಗುತ್ತಾರೆ.

"ನೋಡಿದ್ರಾ ಸಾರ್? ತಿರುಗಿಸಿದ್ದು ನಾನು, ನೀರು ಮಾತ್ರ ಆಯಮ್ಮಂದು!"

ಐವತ್ತೆರಡರ ಅಂಜಿನಯ್ಯ ನೀರು ಬಿಡುವ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ. ದಿನಕ್ಕೆ ಮೂವತ್ತೊಂದು ವಾಲ್ವು, ಹದಿನಾಲ್ಕು ಬೀದಿ, ಒಂದು ಮುದಿ ಸೈಕಲ್ಲು. ಅಪ್ಪ ಊರ ಕೆರೆಯ ನೀರುಗಂಟಿ; ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುತ್ತಿದ್ದವರು. ಆ ಗದ್ದೆಗಳೆಲ್ಲ ಈಗ ಲೇಔಟು. ಮಗನ ಅಂಗೈ ದಡ್ಡುಗಟ್ಟಿದೆ, ಎಡಭುಜ ಚಳಿಗಾಲದಲ್ಲಿ ಎತ್ತಲಾಗುವುದಿಲ್ಲ. ಆದರೂ ರಜೆ ಹಾಕಿದ್ದು ಮಗಳ ಮದುವೆಗೆ ಎರಡು ದಿನ, ಅಷ್ಟೇ.

ಎಂಬತ್ಮೂರನೇ ಇಸವಿಯ ಬೇಸಿಗೆ ಅವರನ್ನು ಹೈರಾಣು ಮಾಡಿತು. ಮೂರು ದಿನಕ್ಕೊಮ್ಮೆ ನೀರು, ಅದೂ ಒಂದೂವರೆ ಗಂಟೆ. ತಗ್ಗಿನ ಮನೆಯವರು ತೊಟ್ಟಿ ತುಂಬಿಸಿಕೊಳ್ಳುವಷ್ಟರಲ್ಲಿ ದಿಣ್ಣೆಯ ಬೀದಿಯ ನಲ್ಲಿ ಗೊರಗೊರ ಎಂದು ನಿಂತುಬಿಡುತ್ತಿತ್ತು. ಒಂದು ಬೆಳಿಗ್ಗೆ ನೂರು ಜನ ಮುತ್ತಿಕೊಂಡು ಕೀಲಿಯನ್ನೇ ಕಿತ್ತುಕೊಂಡರು.

"ಓಡಿಹೋಗೋಣ ಅನ್ನಿಸ್ತು ಸಾರ್. ಓಡಿದ್ರೆ ನಾಳೆ ಯಾವ ಮುಖ ಇಟ್ಕೊಂಡು ಬರ್ಲಿ? ಅಲ್ಲೇ ಕೂತ್ಬಿಟ್ಟೆ."

ಕೂತಲ್ಲಿಂದಲೇ ಅಪ್ಪನ ಸರದಿಯ ಲೆಕ್ಕ ಹೇಳಿದರು: ಮೊದಲು ದಿಣ್ಣೆಗೆ, ಕೊನೆಗೆ ತಗ್ಗಿಗೆ. ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದ ಹೂ ಮಾರುವ ನರಸಮ್ಮನವರನ್ನೇ ಕರೆದು, ದಿಣ್ಣೆಯ ಸಾಲು ನೋಡಿಕೊಳ್ಳಲು ಒಪ್ಪಿಸಿದರು. ಕೀಲಿ ವಾಪಸು ಬಂತು.

ನರಸಮ್ಮ ಸಾಮಾನ್ಯದವರಲ್ಲ. ಮನೆಗೆ ನಾಲ್ಕು ಬಿಂದಿಗೆ ಎಂದು ಗೊತ್ತುಮಾಡಿದರು. ಬಾಣಂತಿ ಇರುವ ಮನೆಗೆ ಮೊದಲು. ಜಗಳ ಎದ್ದರೆ ಒಂದೇ ಮಾತು: "ಕೂಗಾಡಿದ್ರೆ ಪೈಪಲ್ಲಿ ನೀರು ಜಾಸ್ತಿ ಬರುತ್ತೇನ್ರೇ?" ವಾರದೊಳಗೆ ಎಲ್ಲರ ಬಾಯಲ್ಲೂ ಅವರದೇ ಹೆಸರು. ಯುಗಾದಿಗೆ ಬಡಾವಣೆಯವರು ಶಾಲು ಹೊದಿಸಿದ್ದೂ ಅವರಿಗೇ. ಆ ಹೊತ್ತಿನಲ್ಲಿ ಅಂಜಿನಯ್ಯ ಎಲ್ಲಿದ್ದರು? ಪಕ್ಕದ ಬೀದಿಯ ಗುಂಡಿಯೊಳಗೆ ಕೆಸರು ತೋಡುತ್ತಿದ್ದರು!

"ಹೊಟ್ಟೆ ಉರೀತು ಸಾರ್, ಸುಳ್ಳು ಯಾಕೆ ಹೇಳ್ಲಿ? ಊಟ ಸೇರ್ಲಿಲ್ಲ."

ಮುಂದಿನ ಸರದಿಯ ದಿನ ಬೇಕೆಂದೇ ದಿಣ್ಣೆಯ ವಾಲ್ವು ಮುಟ್ಟದೆ, ಹೊಂಗೆ ಮರದ ಮರೆಯಲ್ಲಿ ನಿಂತು ಬೀಡಿ ಹಚ್ಚಿದರು. ಜನ ನರಸಮ್ಮನವರಿಗೆ ಬೈಯುವುದನ್ನು ಒಮ್ಮೆಯಾದರೂ ಕಿವಿಯಾರೆ ಕೇಳಬೇಕೆಂಬ ಆಸೆ. ಇಪ್ಪತ್ತು ನಿಮಿಷ ಕಳೆಯಿತು. ಸಾಲಿನಲ್ಲಿ ಗೊಣಗಾಟ ಎದ್ದಿತು. ಒಬ್ಬಾಕೆ ಅಂಜಿನಯ್ಯನವರ ವಂಶವನ್ನೇ ಜಾಲಾಡಿದಳು. ಆಗ ನರಸಮ್ಮ ಗದರಿದ್ದು ಮರದ ಮರೆಗೂ ಕೇಳಿಸಿತು.

"ಬಾಯ್ಮುಚ್ಚೇ! ಅಂಜಿನಣ್ಣ ನೀರು ತಪ್ಪಿಸೋ ಮನುಷ್ಯ ಅಲ್ಲ. ವಾಲ್ವು ಕೆಟ್ಟಿರ್ಬೇಕು. ಪಾಪ, ಒಬ್ರೇ ಒದ್ದಾಡ್ತಿರ್ತಾರೆ."

ಅಂಜಿನಯ್ಯ ಬೀಡಿ ಬಿಸಾಕಿ ಓಡಿದರು. ಅವತ್ತು ಮನೆಗೆ ಮೂರೇ ಬಿಂದಿಗೆ ಸಿಕ್ಕಿತು. ನರಸಮ್ಮ ತಮ್ಮ ಪಾಲಿನದನ್ನೂ ಬಾಣಂತಿ ಮನೆಗೆ ಸುರಿದು ಬರಿಗೈಲಿ ಹೋದರು. "ವಾಲ್ವು ಸರಿಹೋಯ್ತಾ ಅಣ್ಣ?" ಎಂದು ಕೇಳಿದ್ದಕ್ಕೆ ಇವರು "ಹೂಂ" ಅಂದರು.

ಅಲ್ಲಿಂದ ಎರಡು ವರ್ಷ, ದಿಣ್ಣೆಗೆ ಒಂದು ನಿಮಿಷವೂ ತಡವಾಗಿಲ್ಲ. ಹೊಟ್ಟೆಕಿಚ್ಚು ಮಾತ್ರ ಹಾಗೇ ಇದೆ. ಪೇಪರಿನಲ್ಲಿ ಬರುತ್ತದೆ ಎಂದಾಗ, ತಮ್ಮ ಹೆಸರು ಆಕೆಯ ಹೆಸರಿಗಿಂತ ದೊಡ್ಡಕ್ಷರದಲ್ಲಿ ಇರಲಿ ಎಂದು ಕೇಳಿಕೊಳ್ಳುತ್ತಾರೆ. ಆ ಇಪ್ಪತ್ತು ನಿಮಿಷದ ವಿಷಯ ಬಿಟ್ಟುಬಿಡಿ ಎಂದೂ ಕೈಮುಗಿಯುತ್ತಾರೆ. ಸೈಕಲ್ ಹತ್ತಿ ಹತ್ತು ಮಾರು ಹೋದವರು ಇಳಿದು, ತಳ್ಳಿಕೊಂಡು ಹಿಂದಿರುಗುತ್ತಾರೆ.

"ಆಯಮ್ಮಂಗೆ ಓದು ಬರಲ್ಲ, ಮಗಳು ಓದಿ ಹೇಳ್ತಾಳೆ. ಬರ್ಕೊಳ್ಳಿ ಸಾರ್. ವಾಲ್ವು ಕೆಟ್ಟಿರ್ಲಿಲ್ಲ."